ಹೈಟೆನ್ಷನ್ ಲೈನನ್ನು ನೆಲದಡಿ ಹಾಕಲು ಆಗಲ್ಲವಾ? ಜರ್ಮನಿಯಲ್ಲಿ 700 ಕಿ.ಮೀ. ಹಾಕುತ್ತಿದ್ದಾರಂತೆ

ತೋಟದಮನೆ (ಘಟ್ಟದ ಕೆಳಗೆ)

ಎಲ್ಲರಿಗೂ ನಮಸ್ಕಾರ. ನಮ್ಮದು ಮೂರೂವರೆ ಎಕರೆ ಅಡಿಕೆ ತೋಟ. ನಡುವೆ ಒಂದಿಷ್ಟು ಕಾಳುಮೆಣಸು, ಬಾಳೆ. ಹೋದ ತಿಂಗಳು ಮೂವರು ಬಂದು ತೋಟದ ಮೂಲೆಯಲ್ಲಿ ಕೆಂಪು ಬಣ್ಣ ಬಳಿದ ಗೂಟ ಹೊಡೆದು ಹೋದರು. ಏನು ಎಂದು ಕೇಳಿದ್ದಕ್ಕೆ "400 ಕೆವಿ ಲೈನ್, ಸದ್ಯಕ್ಕೆ ಸರ್ವೆ ಅಷ್ಟೇ" ಎಂದರು. ಯಾರ ಕಡೆಯವರು ಎನ್ನುವುದು ಇಲ್ಲಿ ಬೇಡ.

400 ಕೆವಿ, ಅಂದರೆ ನಾಲ್ಕು ಲಕ್ಷ ವೋಲ್ಟಿನ ಲೈನಿಗೆ 46 ಮೀಟರ್ ಅಗಲದ ಪಟ್ಟಿ ಬೇಕಂತೆ. ರಾತ್ರಿ ಕುಳಿತು ಲೆಕ್ಕ ಹಾಕಿದೆ. ಒಂದು ಕಿಲೋಮೀಟರ್ ಉದ್ದಕ್ಕೆ 11 ಎಕರೆಗೂ ಸ್ವಲ್ಪ ಜಾಸ್ತಿ. ಒಂಬತ್ತು ಅಡಿಗೆ ಒಂದು ಸಸಿ ಅಂದರೆ ಎಕರೆಗೆ 540 ಮರ. ಒಟ್ಟು ಕಿಲೋಮೀಟರಿಗೆ ಆರು ಸಾವಿರ ಅಡಿಕೆ ಮರ! ಸಸಿ ನೆಟ್ಟು ಫಸಲು ನೋಡಲು ಐದಾರು ವರ್ಷ ಬೇಕು, ಕಡಿಯಲು ಒಂದು ಬೆಳಗ್ಗೆ ಸಾಕು.

ಪಕ್ಕದ ಮನೆಯ ಹುಡುಗ ಮೊಬೈಲಿನಲ್ಲಿ ತೋರಿಸಿದ. ಜರ್ಮನಿಯಲ್ಲಿ ಗಾಳಿ ವಿದ್ಯುತ್ ಸಾಗಿಸಲು 700 ಕಿ.ಮೀ. ಪೂರ್ತಿ ನೆಲದಡಿ ಕೇಬಲ್ ಹಾಕುತ್ತಿದ್ದಾರೆ. ಅವರಿಗೆ ಆಗುವುದು ನಮಗೆ ಯಾಕೆ ಆಗುವುದಿಲ್ಲ? "ದುಡ್ಡಿಲ್ಲ" ಅನ್ನೋದನ್ನು ಬಿಟ್ಟು ಬೇರೆ ಕಾರಣ ಇದ್ದರೆ ತಿಳಿದವರು ಹೇಳಿ.

ಹಳೇ ಟವರ್

ಟ್ರಾನ್ಸ್‌ಮಿಷನ್‌ನಲ್ಲಿ 31 ವರ್ಷ ಕೆಲಸ ಮಾಡಿ ನಿವೃತ್ತನಾದವನು ನಾನು. ದುಡ್ಡಿನ ಮಾತು ಆಮೇಲೆ. ಅದಕ್ಕೂ ಮೊದಲಿನದೊಂದು ಕಾರಣ ಇದೆ.

ನಿಮ್ಮ ಊರಿಗೆ ಬರುತ್ತಿರುವುದು ಎಸಿ ಲೈನ್, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ಕರೆಂಟ್. ಜರ್ಮನಿಯಲ್ಲಿ ಹಾಕುತ್ತಿರುವುದು ಡಿಸಿ ಕೇಬಲ್, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟ್. ಎರಡೂ ವಿದ್ಯುತ್ತೇ, ಆದರೆ ನೆಲದಡಿ ಇಳಿದ ಮೇಲೆ ಎರಡರ ನಡತೆ ಬೇರೆ ಬೇರೆ.

ತೋಟದವರಿಗೆ ಅರ್ಥವಾಗುವ ಹಾಗೆ ಹೇಳುತ್ತೇನೆ. ಮೆತ್ತನೆಯ ರಬ್ಬರ್ ಪೈಪಿಗೆ ಪಂಪ್ ಜೋಡಿಸಿದ್ದೀರಿ ಅಂದುಕೊಳ್ಳಿ. ಪಂಪ್ ಶುರುವಾದ ಕೂಡಲೇ ಮೊದಲ ನೀರು ಸ್ಪ್ರಿಂಕ್ಲರಿಗೆ ಹೋಗುವುದಿಲ್ಲ, ಪೈಪನ್ನು ಉಬ್ಬಿಸಲು ಹೋಗುತ್ತದೆ. ಒಮ್ಮೆ ಉಬ್ಬಿದ ಮೇಲೆ ಚಿಂತೆ ಇಲ್ಲ, ನೀರು ಹರಿಯುತ್ತಲೇ ಇರುತ್ತದೆ. ಡಿಸಿ ಹಾಗೆ. ಎಸಿ ಎಂದರೆ ಆ ಪೈಪನ್ನು ಸೆಕೆಂಡಿಗೆ ನೂರು ಸಲ ಉಬ್ಬಿಸಿ ಕುಗ್ಗಿಸಿದ ಹಾಗೆ. ಪೈಪ್ ಉದ್ದವಾದಷ್ಟೂ ಪಂಪಿನ ನೀರೆಲ್ಲ ಉಬ್ಬಿಸುವುದಕ್ಕೇ ಖರ್ಚು. ತುದಿಯ ಮರಕ್ಕೆ ಹನಿಯೂ ತಲುಪುವುದಿಲ್ಲ.

ಇದಕ್ಕೆ ಚಾರ್ಜಿಂಗ್ ಕರೆಂಟ್ ಎನ್ನುತ್ತೇವೆ. 400 ಕೆವಿ ಕೇಬಲಿನಲ್ಲಿ ಇದು ಕಿಲೋಮೀಟರಿಗೆ ಸುಮಾರು 14-15 ಆಂಪಿಯರ್. 70 ಕಿ.ಮೀ. ಹೋಗುವಷ್ಟರಲ್ಲಿ 1000 ಆಂಪಿಯರ್ ಆಯಿತು. ಕೇಬಲ್ ತಡೆಯುವ ಮಿತಿಯ ಹತ್ತಿರಕ್ಕೆ ಅಲ್ಲೇ ಬಂದುಬಿಟ್ಟೆವು, ಊರಿಗೆ ಕಳಿಸುವ ಕರೆಂಟಿಗೆ ಜಾಗವೇ ಇಲ್ಲ. ಮೇಲಿನ ತಂತಿಗೆ ಈ ರೋಗ ಇಲ್ಲವೆಂದಲ್ಲ, ಆದರೆ ಇದರ ಹದಿನೈದು-ಇಪ್ಪತ್ತರಲ್ಲಿ ಒಂದು ಪಾಲು ಅಷ್ಟೇ. ತಂತಿಗೂ ನೆಲಕ್ಕೂ ನಡುವೆ ಅಷ್ಟೊಂದು ಗಾಳಿ ಇದೆಯಲ್ಲ, ಅದಕ್ಕೆ.

ಎಸಿ ಕೇಬಲ್ ಸಾಧ್ಯವೇ ಇಲ್ಲ ಎಂದೂ ಹೇಳುತ್ತಿಲ್ಲ. ಟೋಕಿಯೊದಲ್ಲಿ 500 ಕೆವಿ ಎಸಿ ಕೇಬಲ್ 40 ಕಿ.ಮೀ. ನೆಲದಡಿ ಇದೆ, 2000ನೇ ಇಸವಿಯಿಂದ. ಚಾರ್ಜಿಂಗ್ ಕರೆಂಟನ್ನು ಹೀರಿಕೊಳ್ಳಲು ರಿಯಾಕ್ಟರ್ ಎಂಬ ದೊಡ್ಡ ತಂತಿ ಸುರುಳಿ ಇಡಬೇಕು (ಅಣುಸ್ಥಾವರದ ರಿಯಾಕ್ಟರ್ ಅಲ್ಲ). ನಗರಕ್ಕೆ ಅದು ಸರಿ. ನೂರಾರು ಕಿಲೋಮೀಟರ್ ಊರೂರು ದಾಟುವ ಲೈನಿಗೆ ಹಾಗೆ ಮಾಡುತ್ತಾ ಹೋದರೆ ದಾರಿಯುದ್ದಕ್ಕೂ ರಿಯಾಕ್ಟರ್ ಸ್ಟೇಷನ್ ಕಟ್ಟಬೇಕಾಗುತ್ತದೆ. ಅದಕ್ಕೂ ಯಾರದಾದರೂ ತೋಟವೇ ಬೇಕು.

ಲೆಕ್ಕದವ

ಹಾಗಾದರೆ ಎಲ್ಲವನ್ನೂ ಡಿಸಿ ಮಾಡಿಬಿಡಿ ಸರ್. ಮುಗಿಯಿತು.

ಹಳೇ ಟವರ್

ಮಾಡಬಹುದು. ಎರಡು ತುದಿಯಲ್ಲೂ ಎಸಿ-ಡಿಸಿ ಬದಲಾಯಿಸುವ ಕನ್ವರ್ಟರ್ ಸ್ಟೇಷನ್ ಕಟ್ಟಬೇಕು. ದುಡ್ಡೆಲ್ಲ ಅಲ್ಲಿ ಹೋಗುತ್ತದೆ. ಮೇಲಿನ ತಂತಿಯಾದರೆ 600-800 ಕಿ.ಮೀ. ದಾಟಿದ ಮೇಲೆ ಡಿಸಿ ಗಿಟ್ಟುತ್ತದೆ ಎಂಬ ಅಂದಾಜು. ಕೇಬಲ್ ಆದರೆ 50 ಕಿ.ಮೀ. ಆಸುಪಾಸಿನಲ್ಲೇ ಗಿಟ್ಟುತ್ತದೆ, ಯಾಕೆಂದರೆ ಎಸಿ ಕೇಬಲ್ ಅಲ್ಲಿಗೆ ಸುಸ್ತಾಗಿರುತ್ತದೆ.

ಡಿಸಿಯ ಇನ್ನೊಂದು ಗುಣ ಗೊತ್ತಿರಲಿ. ಅದು ನಡುವೆ ಎಲ್ಲೂ ನಿಲ್ಲದ ರೈಲು. ಒಡಿಶಾದ ತಾಲ್ಚೇರಿನಿಂದ ನಮ್ಮ ಕೋಲಾರಕ್ಕೆ 500 ಕೆವಿ ಡಿಸಿ ಲೈನ್ 2003ರಿಂದ ಇದೆ. ಸುಮಾರು 1,400 ಕಿ.ಮೀ., ಪೂರ್ತಿ ಮೇಲಿನ ತಂತಿ. ಆಂಧ್ರದ ಎಷ್ಟೋ ಹಳ್ಳಿಗಳ ನೆತ್ತಿಯ ಮೇಲೆ ಹೋಗುತ್ತದೆ. ಅದರಿಂದ ನಡುವಿನ ಒಂದು ಊರಿಗೂ ಕರೆಂಟ್ ಇಳಿಸಲು ಬರುವುದಿಲ್ಲ. ಇಳಿಸಬೇಕೆಂದರೆ ಅಲ್ಲೊಂದು ಕನ್ವರ್ಟರ್ ಸ್ಟೇಷನ್ ಬೇಕು.

ಹ್ಯಾನೋವರ್ ಹೊರಗೆ

ಆ ಜರ್ಮನಿ ಕೇಬಲ್ ನಾನಿರುವ ಕಡೆಯಿಂದಲೇ ಹೋಗುತ್ತದೆ, ಹಾಗಾಗಿ ಬರೆಯುತ್ತಿದ್ದೇನೆ. ಹೆಸರು ಝೂಡ್‌ಲಿಂಕ್. ಉತ್ತರದ ಸಮುದ್ರ ತೀರದಲ್ಲಿ ಗಾಳಿ ಜಾಸ್ತಿ, ಕಾರ್ಖಾನೆಗಳು ದಕ್ಷಿಣದಲ್ಲಿ ಜಾಸ್ತಿ. ದಕ್ಷಿಣದವೂ ಸೇರಿ ದೇಶದ ಪರಮಾಣು ಸ್ಥಾವರಗಳನ್ನು ಒಂದೊಂದಾಗಿ ಮುಚ್ಚಿ, ಕೊನೆಯ ಮೂರನ್ನು 2023ರ ಏಪ್ರಿಲ್‌ನಲ್ಲಿ ನಿಲ್ಲಿಸಿದರು. ಈಗ ಗಾಳಿ ಜೋರಾಗಿ ಬೀಸಿದ ದಿನ ಉತ್ತರದಲ್ಲಿ ಗಾಳಿಯಂತ್ರ ನಿಲ್ಲಿಸುತ್ತಾರೆ. ಅದೇ ಹೊತ್ತಿಗೆ ದಕ್ಷಿಣದಲ್ಲಿ ಗ್ಯಾಸ್ ಸ್ಥಾವರ ಹಚ್ಚುತ್ತಾರೆ. ನಡುವೆ ಸಾಗಿಸಲು ದಾರಿ ಸಾಲದು. ಈ ಹೊಂದಾಣಿಕೆಗೇ ವರ್ಷಕ್ಕೆ ಮೂರು ಬಿಲಿಯನ್ ಯೂರೊ ಆಸುಪಾಸು ಹೋಗುತ್ತಿದೆ, ಅದು ನಮ್ಮ ಬಿಲ್ಲಿಗೇ ಸೇರುತ್ತದೆ.

ಝೂಡ್‌ಲಿಂಕ್ 525 ಕೆವಿ ಡಿಸಿ. ಎರಡು ಜೋಡಿ, ಒಂದೊಂದು 2,000 ಮೆಗಾವ್ಯಾಟ್. ಎಲ್ಬೆ ನದಿಯ ಕೆಳಗೆ ಐದು ಕಿ.ಮೀ.ಗೂ ಉದ್ದದ ಸುರಂಗ ಕೊರೆದು ದಾಟಿಸುತ್ತಾರೆ. ದಕ್ಷಿಣದ ತುದಿಯಲ್ಲಿ ಹೈಲ್‌ಬ್ರಾನ್ ಹತ್ತಿರ ಒಂದು ಉಪ್ಪಿನ ಗಣಿಯೊಳಗೆ ಹೋಗುತ್ತದೆ, ನೆಲದಿಂದ ಸುಮಾರು 200 ಮೀಟರ್ ಕೆಳಗೆ. ಮೇಲೆ ಊರು, ದ್ರಾಕ್ಷಿ ತೋಟ, ಕೆಳಗೆ ಉಪ್ಪಿನ ಗೋಡೆಗೆ ಕೇಬಲ್!

ಮೊದಲು ಇದನ್ನು ಟವರ್ ಮೇಲೆಯೇ ಹಾಕುವುದೆಂದಿತ್ತು, 2022ಕ್ಕೆ ಮುಗಿಯಬೇಕಿತ್ತು. ಜನ ಬೀದಿಗಿಳಿದರು. ಊರ ಬಾಗಿಲಲ್ಲಿ "ರಾಕ್ಷಸ ಕಂಬ ಬೇಡ" ಎಂಬ ಬೋರ್ಡು. 2015ರ ಕೊನೆಗೆ ಕಾನೂನೇ ಬದಲಾಯಿತು: ಇಂಥ ಡಿಸಿ ಲೈನಿಗೆ ನೆಲದಡಿ ಕೇಬಲ್ಲೇ ಮೊದಲ ಆಯ್ಕೆ. ಇಡೀ ಯೋಜನೆಯನ್ನು ಮತ್ತೆ ಮೊದಲಿಂದ ಬರೆಯಬೇಕಾಯಿತು. ಈಗ ಹೇಳುತ್ತಿರುವ ವರ್ಷ 2028. ಖರ್ಚು ಸುಮಾರು 10 ಬಿಲಿಯನ್ ಯೂರೊ.

ಕೇಬಲ್ ಆದ ಮೇಲೆ ಪ್ರತಿಭಟನೆ ನಿಂತಿತಾ? ಇಲ್ಲ. ಪ್ರತಿಭಟಿಸುವವರು ಬದಲಾದರು. ಮೊದಲು ಕೂಗುತ್ತಿದ್ದವರು ಕಿಟಕಿಯಿಂದ ನೋಡುವವರು, ಆಮೇಲೆ ಕೂಗಿದವರು ಹೊಲ ಉಳುವವರು.

ತೋಟದಮನೆ

ಉಳುವವರಿಗೆ ಯಾಕೆ ಬೇಡ? ಮರ ಉಳಿಯುತ್ತದೆ, ಟವರ್ ಇರುವುದಿಲ್ಲ.

ಹ್ಯಾನೋವರ್ ಹೊರಗೆ

ಅಲ್ಲೇ ಇರುವುದು ವ್ಯತ್ಯಾಸ. ಇಲ್ಲಿ ನಿಮ್ಮ ಹಾಗೆ ಮರದ ಬೆಳೆ ಅಲ್ಲ. ಗೋಧಿ, ಸಕ್ಕರೆ ಬೀಟ್, ಆಲೂಗಡ್ಡೆ. ತಂತಿ ಮೇಲೆ ಹೋದರೆ ಅಡಿಯಲ್ಲಿ ಟ್ರ್ಯಾಕ್ಟರ್ ಆರಾಮಾಗಿ ಓಡುತ್ತದೆ. ಟವರ್ ನಿಂತ ಜಾಗ ಮಾತ್ರ ನಷ್ಟ. ಕೇಬಲ್ ಆದರೆ ಹೊಲದ ಈ ತುದಿಯಿಂದ ಆ ತುದಿವರೆಗೆ ಅಗೆಯಬೇಕು.

ನಾನು ಸೈಕಲ್ಲಿನಲ್ಲಿ ಹೋಗುವ ದಾರಿಯ ಪಕ್ಕ ಕೆಲಸ ನಡೆದಾಗ ನಿಂತು ನೋಡಿದ್ದೇನೆ. ಕೇಬಲ್ ತೋಳಿನಷ್ಟು ದಪ್ಪ, ಟ್ರೆಂಚ್ ಒಂದೂವರೆ ಮೀಟರ್ ಆಳ, ಅದೇನು ಮಹಾ ಅನಿಸುತ್ತದೆ. ಆದರೆ ಟ್ರೆಂಚಿನ ಪಕ್ಕ ಲಾರಿ ಓಡಲು ದಾರಿ ಬೇಕು. ಅಗೆದ ಮಣ್ಣಿಗೆ ಜಾಗ ಬೇಕು. ಮೇಲ್ಮಣ್ಣಿನ ಗುಡ್ಡೆ ಬೇರೆ, ಅಡಿಮಣ್ಣಿನ ಗುಡ್ಡೆ ಬೇರೆ. ಬೆರೆಸುವ ಹಾಗಿಲ್ಲ. ಮುಚ್ಚುವಾಗ ಮೊದಲಿದ್ದ ಕ್ರಮದಲ್ಲೇ ಮುಚ್ಚಬೇಕು, ಅದನ್ನು ನೋಡಿಕೊಳ್ಳಲು ಮಣ್ಣಿನ ತಜ್ಞರನ್ನೇ ನೇಮಿಸಿದ್ದಾರೆ. ಎರಡೂ ಜೋಡಿ ಒಟ್ಟಿಗೆ ಹೋಗುವ ಕಡೆ ಕೆಲಸದ ಪಟ್ಟಿ 40 ಮೀಟರಿಗೂ ಅಗಲ. ನಿಮ್ಮ 46 ಮೀಟರಿಗೂ ಇದಕ್ಕೂ ಏನು ದೊಡ್ಡ ಅಂತರ?

ಕೆಲಸ ಮುಗಿದ ಮೇಲೆ ಬೆಳೆ ಬೆಳೆಯಬಹುದು, ನಿಜ. ಆಳಕ್ಕೆ ಬೇರು ಬಿಡುವ ಮರ ನೆಡುವ ಹಾಗಿಲ್ಲ, ಮನೆ ಕಟ್ಟುವ ಹಾಗಿಲ್ಲ. ರೈತರ ದೊಡ್ಡ ಸಂಕಟ ಎರಡು. ಒಂದು, ಹೊಲದ ಅಡಿಯಲ್ಲಿ ನೀರು ಬಸಿಯಲು ಹಿಂದಿನವರು ಹಾಕಿಟ್ಟ ಪೈಪುಗಳು ಕತ್ತರಿಸಿ ಹೋಗುತ್ತವೆ, ಆಮೇಲೆ ಹೊಲದಲ್ಲಿ ನೀರು ನಿಲ್ಲುತ್ತದೆ. ಇನ್ನೊಂದು ಬಿಸಿ. ಕೇಬಲ್ ಬೆಚ್ಚಗಾಗುತ್ತದೆ, ಸುತ್ತಲಿನ ಮಣ್ಣು ಒಣಗುತ್ತದೆ ಎಂಬ ಭಯ. ಬಿಸಿ ಎಷ್ಟು ಮೇಲಕ್ಕೆ ಬರುತ್ತದೆ ಎಂಬುದರ ಮೇಲೆ ನಮ್ಮೂರಿನ ಬಿಯರ್ ಅಂಗಡಿಯಲ್ಲಿ ಇವತ್ತಿಗೂ ಜಗಳ ಮುಗಿದಿಲ್ಲ.

ಹಳೇ ಟವರ್

ಬಿಸಿಯ ವಿಷಯ ಸುಮ್ನೆ ಭಯ ಅಲ್ಲ. ಮೇಲಿನ ತಂತಿಯನ್ನು ಗಾಳಿ ತಣ್ಣಗಿಡುತ್ತದೆ, ಪುಕ್ಕಟೆ. ಕೇಬಲ್ಲಿಗೆ ಮಣ್ಣೇ ಗತಿ. ಮಣ್ಣು ಒಣಗಿತೆಂದರೆ ಬಿಸಿ ಹೊರಗೆ ಹೋಗುವುದಿಲ್ಲ, ಇನ್ನಷ್ಟು ಬಿಸಿಯಾಗುತ್ತದೆ, ಇನ್ನಷ್ಟು ಒಣಗುತ್ತದೆ. ಅದಕ್ಕೇ ಸುತ್ತ ಸಿಮೆಂಟ್ ಬೆರೆಸಿದ ಮರಳಿನಂಥ ವಿಶೇಷ ಮಿಶ್ರಣ ತುಂಬುತ್ತಾರೆ. ತೋಟದಮನೆಯವರ ಕಡೆ ಕೆಂಪು ಮುರಕಲ್ಲು. ಮಳೆಗಾಲದಲ್ಲಿ ತೊಂದರೆ ಇಲ್ಲ, ಬೇಸಿಗೆಯಲ್ಲಿ ಒಣಗಿದರೆ ಅದು ಬಿಸಿಯನ್ನು ಅಷ್ಟು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಅಗೆಯುವುದು ಎಷ್ಟು ಕಷ್ಟ ಎಂಬುದು ಬಾವಿ ತೋಡಿಸಿದವರಿಗೆ ಗೊತ್ತೇ ಇರುತ್ತದೆ.

ಇನ್ನು ಜಾಯಿಂಟ್. 525 ಕೆವಿ ಕೇಬಲ್ ಮೀಟರಿಗೆ ಹತ್ತಿರ ಹತ್ತಿರ ನಲವತ್ತು ಕೆಜಿ. ಒಂದು ಕಿಲೋಮೀಟರ್ ಡ್ರಮ್ ಎಂದರೆ ನಲವತ್ತು ಟನ್. ಅದಕ್ಕಿಂತ ತೀರಾ ಉದ್ದ ಸುತ್ತಿದರೆ ಸೇತುವೆ ತಡೆಯುವುದಿಲ್ಲ, ಘಾಟಿ ತಿರುವಿನಲ್ಲಿ ಲಾರಿ ತಿರುಗುವುದಿಲ್ಲ. ಹಾಗಾಗಿ ಒಂದೆರಡು ಕಿಲೋಮೀಟರಿಗೊಂದು ಜಾಯಿಂಟ್. ಜಾಯಿಂಟ್ ಮಾಡುವುದು ಆಪರೇಷನ್ ಥಿಯೇಟರ್ ಕೆಲಸ. ಟೆಂಟ್ ಹಾಕಿ, ಧೂಳು, ತೇವ ಬರದ ಹಾಗೆ ನೋಡಿಕೊಂಡು, ಒಬ್ಬ ನುರಿತ ಜಾಯಿಂಟರ್ ದಿನಗಟ್ಟಲೆ ಕೂರಬೇಕು. ಒಂದು ಕೂದಲು ಒಳಗೆ ಸೇರಿದರೂ ಮುಂದೊಂದು ದಿನ ಅಲ್ಲೇ ಸಿಡಿಯುತ್ತದೆ. ನನಗೆ ಗೊತ್ತಿದ್ದ ಒಬ್ಬ ಜಾಯಿಂಟರ್ ಆ ದಿನ ಬೀಡಿ ಮುಟ್ಟುತ್ತಿರಲಿಲ್ಲ, ಯಾರನ್ನೂ ಮಾತಾಡಿಸುತ್ತಿರಲಿಲ್ಲ. ಸಂಜೆ ಹೊರಗೆ ಬಂದು ಒಟ್ಟಿಗೆ ಮೂರು ಸೇದುತ್ತಿದ್ದ.

ಲೆಕ್ಕದವ

ರಿಪೇರಿ ವಿಷಯ ಯಾರೂ ಹೇಳಲಿಲ್ಲ. ಬೆಂಗಳೂರಿನ ನಮ್ಮ ಬಡಾವಣೆಯಲ್ಲಿ ಕಂಬ ತೆಗೆದು ಕೇಬಲ್ ಹಾಕಿದರು. ರಸ್ತೆ ಚಂದ ಕಂಡಿತು. ಎರಡನೇ ತಿಂಗಳು ಪೈಪ್ ಹಾಕುವ ಯಾರದೋ ಜೆಸಿಬಿ ಬಂದು ಕೇಬಲ್ ಕಡಿಯಿತು. ಕಂಬ ಇದ್ದಾಗ ಲೈನ್‌ಮ್ಯಾನ್ ಒಂದು ಗಂಟೆಯಲ್ಲಿ ಸರಿ ಮಾಡುತ್ತಿದ್ದ. ಈಗ ಎಲ್ಲಿ ಕಡಿದಿದೆ ಎಂದು ಹುಡುಕುವುದಕ್ಕೇ ಅರ್ಧ ದಿನ. ಅದು ಬರೀ 11 ಕೆವಿ.

ಹಳೇ ಟವರ್

ನಿಜ. ಮೇಲಿನ ಲೈನಿಗೆ ಸಿಡಿಲು ಬಡಿದರೆ ಒಂದು ಕ್ಷಣ ಟ್ರಿಪ್ ಆಗಿ ತಾನಾಗಿ ಮತ್ತೆ ಚಾಲೂ ಆಗುತ್ತದೆ, ಮನೆಯಲ್ಲಿ ದೀಪ ಮಿಣುಕಿದ್ದೂ ಗೊತ್ತಾಗುವುದಿಲ್ಲ. ಕೇಬಲ್ಲಿನಲ್ಲಿ ತಾನಾಗಿ ವಾಸಿಯಾಗುವುದು ಎಂಬುದಿಲ್ಲ. ಹುಡುಕಿ, ಅಗೆದು, ಹೊಸ ತುಂಡು ಸೇರಿಸಿ, ಎರಡು ಜಾಯಿಂಟ್ ಮಾಡಿ, ಟೆಸ್ಟ್ ಮಾಡಿ. ವಾರಗಳೇ ಹಿಡಿಯಬಹುದು. ಆದರೆ ಕೇಬಲ್ ಪರವಾಗಿಯೂ ಒಂದು ಮಾತು ಹೇಳಬೇಕು. ಬಿರುಗಾಳಿ, ಮರ ಬೀಳುವುದು, ಸಿಡಿಲು, ಇದ್ಯಾವುದೂ ಅದರ ತಂಟೆಗೆ ಹೋಗುವುದಿಲ್ಲ. ಕೆಡುವುದು ಅಪರೂಪ. ಕೆಟ್ಟರೆ ಮಾತ್ರ ಹಬ್ಬ.

ತ್ರಿಶೂರ್ ಸೊಸೆ

ನಾನು ಶಿವಮೊಗ್ಗದವಳು, ಕೊಟ್ಟಿದ್ದು ಕೇರಳಕ್ಕೆ. ಇಷ್ಟು ಹೊತ್ತು ಓದುತ್ತಿದ್ದೆ, ಯಾರಾದರೂ ಹೇಳುತ್ತಾರೇನೋ ಅಂತ. ಜರ್ಮನಿವರೆಗೆ ಯಾಕೆ ಹೋಗುತ್ತೀರಿ? ಡಿಸಿ ಕೇಬಲ್ ನಮ್ಮ ಮನೆ ರಸ್ತೆಯ ಅಡಿಯಲ್ಲೇ ಇದೆ.

ತಮಿಳುನಾಡಿನ ಪುಗಳೂರಿನಿಂದ ತ್ರಿಶೂರಿಗೆ 320 ಕೆವಿ ಡಿಸಿ ಲೈನ್, 2,000 ಮೆಗಾವ್ಯಾಟ್. ತಮಿಳುನಾಡು ಕಡೆಯಿಂದ ಟವರ್ ಮೇಲೆ ಬರುತ್ತದೆ. ವಡಕ್ಕಾಂಚೇರಿ ಹತ್ತಿರ ನೆಲಕ್ಕಿಳಿದು, ಮುಂದೆ ಮಾಡಕ್ಕತ್ತರದ ಸ್ಟೇಷನ್‌ವರೆಗೆ ಪೂರ್ತಿ ಕೇಬಲ್. 2021ರ ಫೆಬ್ರವರಿಯಲ್ಲಿ ಪ್ರಧಾನಿ ಉದ್ಘಾಟನೆ ಮಾಡಿದರು. 5,070 ಕೋಟಿ ರೂಪಾಯಿ ಎಂದು ಆಗ ಪತ್ರಿಕೆಯಲ್ಲಿ ಬಂದಿತ್ತು.

ಯಾಕೆ ಕೇಬಲ್ ಮಾಡಿದರು ಎಂದು ಇಲ್ಲಿ ಯಾರನ್ನೂ ಕೇಳಬೇಕಿಲ್ಲ. ಇಲ್ಲಿ ಒಂದು ಊರು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಗೊತ್ತಾಗುವುದಿಲ್ಲ. ಮನೆ, ಹಿತ್ತಲು, ತೆಂಗು, ಮತ್ತೆ ಮನೆ. ಟವರ್ ನಿಲ್ಲಿಸಲು ಜಾಗ ಹುಡುಕುವುದೇ ಯುದ್ಧ. ಹಾಗಾಗಿ ಖಾಸಗಿ ಜಮೀನಿಗೆ ಹೋಗದೆ ರಸ್ತೆಯ ಅಂಚಿನಲ್ಲೇ ಅಗೆದರು.

ಕೆಲಸ ನಡೆದಾಗ ನಮಗೆ ಸಾಕುಸಾಕಾಗಿತ್ತು. ಮಳೆಯಲ್ಲಿ ಟ್ರೆಂಚ್ ತುಂಬಿ ಕೆರೆ. ಅತ್ತೆ ಅಂಗಡಿಗೆ ಹೋಗಲು ಹಲಗೆ ದಾಟಬೇಕಿತ್ತು, ದಿನಾ ಬೈದುಕೊಂಡೇ ದಾಟುತ್ತಿದ್ದರು. ಆಮೇಲೆ ಮುಚ್ಚಿದರು, ಡಾಂಬರು ಹಾಕಿದರು. ಈಗ ಕೆಳಗೆ ಏನಿದೆ ಎಂಬುದೇ ಎಲ್ಲರಿಗೂ ಮರೆತು ಹೋಗಿದೆ. ರಸ್ತೆ ಪಕ್ಕ ಗುರುತಿನ ಕಲ್ಲು ಮಾತ್ರ ಇದೆ. ನಮ್ಮನೆ ಹಿತ್ತಲಿನ ಹಲಸಿನ ಮರ ಹಾಗೇ ಇದೆ.

ತೋಟದಮನೆ

ಅಕ್ಕ, ಇದು ನಿಜಕ್ಕೂ ಗೊತ್ತಿರಲಿಲ್ಲ. ರಸ್ತೆ ಅಂಚು! ನಮ್ಮ ಕಡೆಯೂ ರಸ್ತೆ ಇದೆಯಲ್ಲ ಮಾರಾಯ್ರೆ.

ಲೆಕ್ಕದವ

ಒಂದು ನಿಮಿಷ. ತ್ರಿಶೂರಿನ ಆ ಕೇಬಲ್ಲಿನಲ್ಲಿ ಹರಿಯುವುದು ಸೌರ, ಗಾಳಿ ವಿದ್ಯುತ್ತಾ? ನನಗೆ ಗೊತ್ತಿದ್ದ ಹಾಗೆ ಪುಗಳೂರಿಗೆ ಬರುವುದು ಛತ್ತೀಸ್‌ಗಢದ ರಾಯಗಢದಿಂದ. ಅಲ್ಲಿರುವುದು ಕಲ್ಲಿದ್ದಲು.

ಹಳೇ ಟವರ್

ಸರಿಯಾಗಿ ಹಿಡಿದಿರಿ. ರಾಯಗಢ–ಪುಗಳೂರು 800 ಕೆವಿ ಲೈನ್ ಮಾಡಿದ್ದು ಮುಖ್ಯವಾಗಿ ಅಲ್ಲಿನ ಕಲ್ಲಿದ್ದಲು ವಿದ್ಯುತ್ತನ್ನು ದಕ್ಷಿಣಕ್ಕೆ ತರಲು. ಆದರೆ ದಾರಿ ಎರಡೂ ಕಡೆಗೆ ತೆರೆದಿದೆ. ತಮಿಳುನಾಡಿನಲ್ಲಿ ಗಾಳಿ ಜೋರಾದ ತಿಂಗಳುಗಳಲ್ಲಿ ಹೆಚ್ಚಾದದ್ದನ್ನು ಉತ್ತರಕ್ಕೆ ತಿರುಗಿಸಬಹುದು. ತಂತಿಗೆ ಯಾವ ವಿದ್ಯುತ್ ಎಂಬ ಮಡಿ ಇಲ್ಲ.

ತ್ರಿಶೂರಿನದು ವಿಎಸ್‌ಸಿ ಎನ್ನುವ ಹೊಸ ಬಗೆಯ ಕನ್ವರ್ಟರ್, ದೇಶದಲ್ಲಿ ಅದೇ ಮೊದಲು. ಕೋಲಾರದ ಹಳೇ ಬಗೆಯಲ್ಲಿ ದಿಕ್ಕು ಬದಲಿಸಲು ವೋಲ್ಟೇಜನ್ನೇ ತಿರುಗಿಸಬೇಕು, ಪ್ಲಾಸ್ಟಿಕ್ ಹೊದಿಕೆಯ ಕೇಬಲ್ಲಿಗೆ ಅದು ಆಗಿಬರುವುದಿಲ್ಲ. ಹೊಸದರಲ್ಲಿ ಕರೆಂಟ್ ತಿರುಗಿದರೆ ಸಾಕು. ಉದ್ದದ ಡಿಸಿ ಕೇಬಲ್ ಈಗ ಎಲ್ಲ ಕಡೆ ಸಾಧ್ಯವಾಗುತ್ತಿರುವುದು ಇದರಿಂದಲೇ. ಫ್ರಾನ್ಸ್–ಸ್ಪೇನ್ ನಡುವೆ ಪಿರೆನೀಸ್ ಬೆಟ್ಟದ ಅಡಿ 64 ಕಿ.ಮೀ. ಕೇಬಲ್ 2015ರಲ್ಲಿ ಶುರುವಾಯಿತು, ಅದೂ 320 ಕೆವಿ, ಅದೂ 2,000 ಮೆಗಾವ್ಯಾಟ್. ತ್ರಿಶೂರಿನದಕ್ಕೆ ಅಣ್ಣ ಎನ್ನಬಹುದು.

ಪಾವಗಡ ಬಿಸಿಲು

ನಮ್ಮದು ತಿರುಮಣಿ ಕಡೆ. ಸೋಲಾರ್ ಪಾರ್ಕಿಗೆ ಆರು ಎಕರೆ ಲೀಸಿಗೆ ಕೊಟ್ಟಿದ್ದೇವೆ. ಎಕರೆಗೆ ವರ್ಷಕ್ಕೆ 21,000ದಿಂದ ಶುರುವಾಗಿದ್ದು, ಎರಡು ವರ್ಷಕ್ಕೊಮ್ಮೆ ಶೇ 5 ಏರುತ್ತದೆ. 13,000 ಎಕರೆ, 2,050 ಮೆಗಾವ್ಯಾಟ್. ಪಾರ್ಕಿನಿಂದ ಹೊರಗೆ ಹೋಗುವುದು ಎಲ್ಲ ಟವರ್ ಮೇಲೆ.

ಅಣ್ಣಾವ್ರೇ, ತಪ್ಪು ತಿಳೀಬೇಡಿ. ನಮ್ಮ ಕಡೆ ಯಾರೂ ಕೇಬಲ್ ಕೇಳಲಿಲ್ಲ. ಲೈನ್ ಕೆಳಗೆ ಶೇಂಗಾ ಹಾಕುತ್ತಾರೆ, ರಾಗಿ ಹಾಕುತ್ತಾರೆ, ಕುರಿ ಮೇಯುತ್ತವೆ. ಹೊಲದ ನಡುವೆ ಟ್ರೆಂಚ್ ತೆಗೆದು ಅಡಿಯ ಸುಣ್ಣಕಲ್ಲು ಮೇಲೆ ತಂದು ಹಾಕಿದರೆ ಐದು ವರ್ಷ ಏನೂ ಬೆಳೆಯುವುದಿಲ್ಲ. ನಮಗೆ ತಂತಿಯೇ ವಾಸಿ. ಟವರ್ ಕಾಲು ಊರಿದವನಿಗೆ ಮಾತ್ರ ಹೊಟ್ಟೆ ಉರಿ.

ಹ್ಯಾನೋವರ್ ಹೊರಗೆ

ಇದನ್ನೇ ನಾನು ಹೇಳಲು ಒದ್ದಾಡುತ್ತಿದ್ದುದು. ಪಾವಗಡದ ರೈತರೂ ನಮ್ಮೂರಿನ ಬೀಟ್ ಬೆಳೆಯುವವರೂ ಒಂದೇ ಮಾತು ಆಡುತ್ತಿದ್ದಾರೆ. ತಂತಿ ಒಳ್ಳೆಯದೋ ಕೇಬಲ್ ಒಳ್ಳೆಯದೋ ಎಂಬ ಪ್ರಶ್ನೆಗೆ ಉತ್ತರ ಬೆಳೆಯ ಎತ್ತರ ನೋಡಿ ಹೇಳಬೇಕು. ಮೊಣಕಾಲೆತ್ತರದ ಬೆಳೆಗೆ ತಂತಿ, ಐವತ್ತು ಅಡಿ ಅಡಿಕೆಗೆ ಕೇಬಲ್.

ಹಕ್ಕಿ ದಾರಿ (ಬಳ್ಳಾರಿ)

ರೈತರ ಮಾತಾಯಿತು, ಮೇಲೆ ಹಾರುವವರದ್ದೂ ಇರಲಿ. ಎರ್ಲಡ್ಡು ಹಕ್ಕಿ ಗೊತ್ತಲ್ಲ, ಗ್ರೇಟ್ ಇಂಡಿಯನ್ ಬಸ್ಟರ್ಡ್. ನಮ್ಮ ಸಿರುಗುಪ್ಪ ಕಡೆ ಬೆರಳೆಣಿಕೆಯಷ್ಟು ಇದ್ದವು. ಹೆಚ್ಚಿನವು ಉಳಿದಿರುವುದು ರಾಜಸ್ಥಾನದಲ್ಲಿ. ಗಂಡು ಹಕ್ಕಿ ಹದಿನೈದು ಕೆಜಿವರೆಗೂ ತೂಗುತ್ತದೆ. ಕಣ್ಣು ತಲೆಯ ಎರಡು ಪಕ್ಕದಲ್ಲಿವೆ, ನೇರ ಮುಂದಿನದು ಸರಿಯಾಗಿ ಕಾಣುವುದಿಲ್ಲ. ತಂತಿ ಕಂಡಾಗ ತಿರುಗಲು ಆ ಭಾರಕ್ಕೆ ಆಗುವುದಿಲ್ಲ. ಬಡಿದು ಸಾಯುತ್ತದೆ.

ಜೈಸಲ್ಮೇರ್ ಕಡೆ ಸೋಲಾರ್, ಗಾಳಿಯಂತ್ರ ಜಾಸ್ತಿಯಾದ ಹಾಗೆ ತಂತಿಯೂ ಜಾಸ್ತಿಯಾಯಿತು. 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಹಕ್ಕಿ ಇರುವ ಜಾಗಗಳಲ್ಲಿ ಲೈನನ್ನು ನೆಲದಡಿ ಹಾಕಿ ಎಂದು ಆದೇಶಿಸಿತು. ಸುಮಾರು 99,000 ಚದರ ಕಿ.ಮೀ. ಪ್ರದೇಶಕ್ಕೆ ಅದು ತಗಲುತ್ತಿತ್ತು. ಸರ್ಕಾರ ವಾಪಸ್ ಹೋಗಿ, ದೊಡ್ಡ ವೋಲ್ಟೇಜಿನ ಲೈನಿಗೆ ಇದು ಆಗದ ಮಾತು, ಸೌರ ವಿದ್ಯುತ್ತಿನ ಗುರಿಯೇ ತಪ್ಪುತ್ತದೆ ಎಂದಿತು. 2024ರ ಮಾರ್ಚ್‌ನಲ್ಲಿ ಕೋರ್ಟ್ ಆ ಆದೇಶ ಸಡಿಲಿಸಿ, ಎಲ್ಲಿ ಏನು ಮಾಡಬಹುದು ನೋಡಲು ತಜ್ಞರ ಸಮಿತಿ ಮಾಡಿತು.

ಹಸಿರು ವಿದ್ಯುತ್ತಿಗಾಗಿ ಹಕ್ಕಿ ಸಾಯಬೇಕಾ ಎಂದು ನಾನೂ ಆಗ ಕೂಗಿದ್ದೆ. ಹಳೇ ಟವರ್ ಅವರ ರಬ್ಬರ್ ಪೈಪಿನ ಕಥೆ ಓದಿದ ಮೇಲೆ ಸರ್ಕಾರದ ಅರ್ಧ ಮಾತು ನಿಜ ಇರಬಹುದು ಎನಿಸುತ್ತಿದೆ. ಇನ್ನರ್ಧ ಮಾತ್ರ ಒಪ್ಪುವುದಿಲ್ಲ. 33 ಕೆವಿ ಲೈನಿಗೆ ಆ ನೆಪ ಇಲ್ಲ.

ಹಳೇ ಟವರ್

33 ಕೆವಿಗೆ ಖಂಡಿತ ಇಲ್ಲ. ವೋಲ್ಟೇಜ್ ಕಡಿಮೆಯಾದಷ್ಟೂ ಆ ಚಾರ್ಜಿಂಗ್ ಕಾಟ ಕಡಿಮೆ. ಅಲ್ಲಿರುವುದು ದುಡ್ಡಿನ ಪ್ರಶ್ನೆ ಮಾತ್ರ.

ತೋಟದಮನೆ

ಎಲ್ಲರ ಮಾತೂ ಓದಿದೆ. ಹಾಗಾದರೆ ನಮ್ಮ ಲೈನಿಗೆ ಏನು ಕೇಳಬಹುದು? ಪೂರ್ತಿ ಕೇಬಲ್ ಕೇಳಿದರೆ ಒಂದೇ ಮಾತಿನಲ್ಲಿ ಆಗಲ್ಲ ಎನ್ನುತ್ತಾರೆ. ಮಂಗಳವಾರ ಪಂಚಾಯಿತಿಯಲ್ಲಿ ಸಭೆ ಇದೆ.

ಹಳೇ ಟವರ್

ನಾನು ಹಿಂದೆ ಮೇಜಿನ ಆಚೆ ಕೂತವನು, ಆದರೂ ಹೇಳುತ್ತೇನೆ. "ಪೂರ್ತಿ ಕೇಬಲ್ ಮಾಡಿ" ಎನ್ನಬೇಡಿ. ತೋಟ ದಟ್ಟವಾಗಿರುವ ಮೂರು-ನಾಲ್ಕು ಕಿಲೋಮೀಟರ್ ಮಾತ್ರ ನೆಲದಡಿ ಮಾಡಲು ಆಗುತ್ತದಾ ಕೇಳಿ. ಎಸಿಯಲ್ಲೂ ಅದು ಆಗದ ಮಾತಲ್ಲ. ಜರ್ಮನಿಯ ರೇಸ್‌ಫೆಲ್ಡ್ ಎಂಬಲ್ಲಿ 380 ಕೆವಿ ಎಸಿ ಲೈನನ್ನು 3.4 ಕಿ.ಮೀ. ನೆಲಕ್ಕಿಳಿಸಿ ಮತ್ತೆ ಮೇಲೆ ಏರಿಸಿದ್ದಾರೆ. ಎರಡು ತುದಿಯಲ್ಲೂ ತಂತಿ ನೆಲಕ್ಕಿಳಿಯುವ ಅಂಗಳಕ್ಕೆ ಜಾಗ ಬೇಕು. ಅದನ್ನು ಯಾರು ಕೊಡುತ್ತಾರೆ ಎಂದು ಊರಿನವರು ಮೊದಲೇ ಮಾತಾಡಿಕೊಳ್ಳಿ. ಇಲ್ಲದಿದ್ದರೆ ಸಭೆಯಲ್ಲಿ ನಿಮ್ಮ ನಿಮ್ಮಲ್ಲೇ ಜಗಳ ಶುರುವಾಗುತ್ತದೆ, ಎದುರಿನವರಿಗೆ ಅದೇ ಬೇಕು.

ಎರಡನೆಯದು, ಎತ್ತರದ ಟವರ್ ಹಾಕಿ ಮರದ ಮೇಲಿಂದಲೇ ದಾಟಿಸಲು ಆಗುತ್ತದಾ ಕೇಳಿ. ಕಾಡಿನಲ್ಲಿ, ನದಿ ದಾಟುವಲ್ಲಿ ಹಾಗೆ ಮಾಡುವುದುಂಟು. ಖರ್ಚು ಹೆಚ್ಚು, ಆದರೆ ಕೇಬಲ್ಲಿಗಿಂತ ಎಷ್ಟೋ ಕಡಿಮೆ. ಕೇಬಲ್ ಹಾಕಿದರೂ ಟ್ರೆಂಚಿನ ಮೇಲಿನ ಅಡಿಕೆ ಹೋಗುತ್ತದೆ ಎಂಬುದು ನೆನಪಿರಲಿ. ಈ ದಾರಿಯಲ್ಲಿ ಟವರ್ ಬುಡದ್ದು ಬಿಟ್ಟು ಉಳಿದದ್ದು ನಿಲ್ಲುವ ಸಾಧ್ಯತೆ ಇದೆ.

ಲೆಕ್ಕದವ

ಪರಿಹಾರದ ಬಗ್ಗೆ ನಾನು ಹೇಳುತ್ತೇನೆ, ಅಷ್ಟು ಮಾತ್ರ ನನಗೆ ಗೊತ್ತು. 2024ರ ಜೂನ್‌ನಲ್ಲಿ ಕೇಂದ್ರ ವಿದ್ಯುತ್ ಸಚಿವಾಲಯ ಮಾರ್ಗಸೂಚಿ ತಂದಿದೆ. ಟವರ್ ಬುಡದ ಜಾಗಕ್ಕೆ ಜಮೀನಿನ ಬೆಲೆಯ ಶೇ 200. ತಂತಿ ಅಡಿಯ ಪಟ್ಟಿಗೆ ಶೇ 30. ಮರ, ಬೆಳೆ ನಷ್ಟದ ಪರಿಹಾರ ಅದಕ್ಕೆ ಹೊರತಾಗಿ ಕೇಳಿ. ಮಾರ್ಗಸೂಚಿ ಎಂದರೆ ಕಾನೂನಲ್ಲ, ರಾಜ್ಯ ಒಪ್ಪಿಕೊಳ್ಳಬೇಕು. ಲೈನ್ ಎಳೆಯುವ ಅಧಿಕಾರ ಬರುವುದು 1885ರ ಟೆಲಿಗ್ರಾಫ್ ಕಾಯ್ದೆಯಿಂದ! ಅದರಲ್ಲಿ ಜಮೀನನ್ನು ಕೊಳ್ಳುವುದಿಲ್ಲ, ಪಹಣಿ ನಿಮ್ಮ ಹೆಸರಲ್ಲೇ ಇರುತ್ತದೆ. ಮರ ಮಾತ್ರ ಇರುವುದಿಲ್ಲ. ಕೊಟ್ಟ ಪರಿಹಾರ ಸಾಲದು ಎನಿಸಿದರೆ ಜಿಲ್ಲಾ ನ್ಯಾಯಾಲಯಕ್ಕೆ ಹೋಗಬಹುದು.

ಮತ್ತೆ, ಅಡಿಕೆ ಮರಕ್ಕೆ ಬೆಲೆ ಕಟ್ಟುವಾಗ ಅದರ ಮೇಲೆ ಹಬ್ಬಿದ ಮೆಣಸಿನ ಬಳ್ಳಿಯನ್ನು ಬೇರೆ ಎಣಿಸುತ್ತಾರಾ ಎಂದು ಮೊದಲೇ ಬರೆಸಿಕೊಳ್ಳಿ. ನಮ್ಮ ಮಾವನ ಮನೆಯಲ್ಲಿ ಅಲ್ಲೇ ಮೋಸ ಹೋದರು.

ಪಾವಗಡ ಬಿಸಿಲು

ಖರ್ಚಿನ ಬಗ್ಗೆ ಒಂದು ಅನುಮಾನ. ಆ ಜರ್ಮನಿ ಲೈನ್ ಕಿಲೋಮೀಟರಿಗೆ ಎಷ್ಟು ಬಿತ್ತು?

ಲೆಕ್ಕದವ

10 ಬಿಲಿಯನ್ ಭಾಗಿಸು 700. ಕಿಲೋಮೀಟರಿಗೆ 1.4 ಕೋಟಿ ಯೂರೊಗೂ ಮೇಲೆ. ಕನ್ವರ್ಟರ್, ಸುರಂಗ ಎಲ್ಲ ಸೇರಿ. ರೂಪಾಯಿಯಲ್ಲಿ ನೂರು ಕೋಟಿ ದಾಟುತ್ತದೆ.

ಪಾವಗಡ ಬಿಸಿಲು

ಶಿವನೇ.

ಹ್ಯಾನೋವರ್ ಹೊರಗೆ

ಆ ಲೆಕ್ಕ ಇಲ್ಲಿನವರನ್ನೂ ಕಾಡುತ್ತಿದೆ. 2025ರಲ್ಲಿ ಬಂದ ಹೊಸ ಸರ್ಕಾರದ ಒಪ್ಪಂದದಲ್ಲಿ, ಇನ್ನು ಮುಂದೆ ಹೊಸದಾಗಿ ಯೋಜಿಸುವ ಡಿಸಿ ಲೈನುಗಳನ್ನು ಸಾಧ್ಯವಿದ್ದ ಕಡೆ ಮತ್ತೆ ಟವರ್ ಮೇಲೆಯೇ ಹಾಕಬೇಕು ಎಂದಿದೆ. ಹತ್ತು ವರ್ಷಕ್ಕೆ ಚಕ್ರ ತಿರುಗಿತು. ಝೂಡ್‌ಲಿಂಕ್ ಮಾತ್ರ ಕೇಬಲ್ಲೇ, ಅದನ್ನು ಬದಲಿಸಿದರೆ ಇನ್ನೂ ಹತ್ತು ವರ್ಷ.

ಹಾಗೆಂದು ಆ ದುಡ್ಡು ನೀರಿಗೆ ಹೋಯಿತು ಎಂದು ನಾನು ಹೇಳುವುದಿಲ್ಲ. ಟವರ್ ಎಂದೇ ಹಟ ಹಿಡಿದಿದ್ದರೆ ಕೋರ್ಟು, ಧರಣಿ ಎಲ್ಲ ಸೇರಿ ಇವತ್ತಿಗೂ ಒಂದು ಕಂಬ ನಿಲ್ಲುತ್ತಿತ್ತೋ ಇಲ್ಲವೋ.

ತ್ರಿಶೂರ್ ಸೊಸೆ

ಇಲ್ಲೂ ಅದೇ. ಎಡಮಣ್–ಕೊಚ್ಚಿ 400 ಕೆವಿ ಲೈನ್ ಟವರ್ ಮೇಲೆ ಹಾಕಲು ಹೋಗಿ ಹತ್ತು ವರ್ಷಕ್ಕೂ ಜಾಸ್ತಿ ಎಳೆಯಿತು, ಮುಗಿದಿದ್ದು 2019ರಲ್ಲಿ. ನಮ್ಮ ಮಾವ ಈಗಲೂ ಹೇಳುತ್ತಾರೆ, ನಮ್ಮ ರಸ್ತೆ ಅಗೆದಿದ್ದು ಒಂದೆರಡು ಮಳೆಗಾಲ, ಅವರದ್ದು ಮಕ್ಕಳು ಕಾಲೇಜು ಮುಗಿಸುವಷ್ಟು ಕಾಲ ಎಂದು.

ಹಕ್ಕಿ ದಾರಿ

ನೆಲದಡಿಯ ಕೇಬಲ್ ಮೇಲೆ ದಿನಾ ಓಡಾಡಿದರೆ ಆರೋಗ್ಯಕ್ಕೆ ಏನಾದರೂ ಆಗುತ್ತದಾ? ಸಭೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ.

ಹಳೇ ಟವರ್

ಡಿಸಿಯ ಕಾಂತ ಕ್ಷೇತ್ರ ಅಲುಗುವುದಿಲ್ಲ, ಭೂಮಿಯ ಕಾಂತದ ಹಾಗೆ ಸ್ಥಿರ. ಜೋಡಿ ಕೇಬಲ್ಲಿನಲ್ಲಿ ಕರೆಂಟ್ ಒಂದರಲ್ಲಿ ಹೋಗಿ ಇನ್ನೊಂದರಲ್ಲಿ ಬರುವುದರಿಂದ ಒಂದನ್ನೊಂದು ಬಹುಪಾಲು ಅಳಿಸುತ್ತವೆ. ಮೇಲೆ ನಿಂತು ದಿಕ್ಸೂಚಿ ಹಿಡಿದರೆ ಮುಳ್ಳು ಸ್ವಲ್ಪ ಓರೆಯಾಗಬಹುದು. ಅದರ ಆಚೆಗೆ ಚಿಂತೆ ಬೇಡ. ವಿದ್ಯುತ್ ಕ್ಷೇತ್ರವಂತೂ ಕೇಬಲ್ಲಿನ ಲೋಹದ ಹೊದಿಕೆಯೊಳಗೇ ಉಳಿಯುತ್ತದೆ.

ತೋಟದಮನೆ

ಎಲ್ಲರಿಗೂ ತುಂಬಾ ಉಪಕಾರವಾಯಿತು. ಸಭೆಗೆ ಮೂರು ಪ್ರಶ್ನೆ ಬರೆದುಕೊಂಡೆ: ತೋಟ ದಟ್ಟ ಇರುವ ನಾಲ್ಕು ಕಿಲೋಮೀಟರ್ ಕೇಬಲ್, ಅದು ಆಗದಿದ್ದರೆ ಎತ್ತರದ ಟವರ್, ಮೆಣಸಿನ ಬಳ್ಳಿಗೆ ಬೇರೆ ಬೆಲೆ. ಕೇಬಲ್ ಇಳಿಯುವ ಅಂಗಳಕ್ಕೆ ಜಾಗ ಯಾರು ಕೊಡುತ್ತಾರೆ ಎಂದು ನಿನ್ನೆ ರಾತ್ರಿ ಅಣ್ಣನ ಹತ್ತಿರ ಕೇಳಿದೆ. ಅವನ ಗುಡ್ಡೆಯ ಮೇಲಿನ ಗೇರು ಹಾಡಿ ಖಾಲಿಯೇ ಬಿದ್ದಿದೆ. ಅವನು ಮಾತಾಡಲಿಲ್ಲ, ಚಾ ಕುಡಿದು ಎದ್ದು ಹೋದ.

ತ್ರಿಶೂರಿನ ಅಕ್ಕ, ಆ ರಸ್ತೆ ಅಂಚು ಈಗ ಹೇಗಿದೆ, ಒಂದು ಫೋಟೊ ಸಿಗುತ್ತದಾ? ಸಭೆಯಲ್ಲಿ ತೋರಿಸಲು.

ತ್ರಿಶೂರ್ ಸೊಸೆ

ಬೆಳಗ್ಗೆ ಹಾಲಿಗೆ ಹೋಗುವಾಗ ತೆಗೆದು ಹಾಕುತ್ತೇನೆ. ಗುರುತಿನ ಕಲ್ಲಿನ ಮೇಲೆ ಯಾರೋ ಸರ್ಕಸ್ ಪೋಸ್ಟರ್ ಅಂಟಿಸಿದ್ದಾರೆ, ಮೊದಲು ಅದನ್ನು ಕೀಳಬೇಕು.